ಇರಾಕ್ ಯುದ್ಧ: ಹೇಳಿದ ಕಾರಣ ಮತ್ತು ಇದ್ದ ಕಾರಣ

ಚರಿತ್ರೆ ವಿದ್ಯಾರ್ಥಿ:
2003ರ ಮಾರ್ಚ್ 20ರಂದು ಆರಂಭವಾದ ಇರಾಕ್ ಯುದ್ಧದ ಮಾತು ಬಂದಾಗಲೆಲ್ಲ, ಅಮೆರಿಕದ ಅಧ್ಯಕ್ಷ ಬುಷ್ ಮತ್ತು ಬ್ರಿಟನ್ನಿನ ಪ್ರಧಾನಿ ಬ್ಲೇರ್ ಇರಾಕ್ ಬಳಿ ಸಮೂಹನಾಶಕ ಅಸ್ತ್ರಗಳಿವೆ (ಅಣು, ರಾಸಾಯನಿಕ, ಜೈವಿಕ ಅಸ್ತ್ರಗಳು) ಎಂದು ಸುಳ್ಳು ಹೇಳಿ ಯುದ್ಧ ಮಾಡಿದರು ಎಂಬ ಒಂದೇ ವಾಕ್ಯದಲ್ಲಿ ಚರ್ಚೆ ಮುಗಿದುಹೋಗುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ಇರಾಕಿನ ಆಡಳಿತಗಾರ ಸದ್ದಾಂ ಹುಸೇನ್ ಬಳಿ ಸಮೂಹನಾಶಕ ಅಸ್ತ್ರಗಳಿರಬಹುದೆಂಬ ಶಂಕೆ ಯುದ್ಧವನ್ನು ವಿರೋಧಿಸಿದ ದೇಶಗಳಲ್ಲೂ ಇತ್ತು. ನಿರಸ್ತ್ರೀಕರಣಕ್ಕೆ ಇರಾಕಿಗೆ ಕೊನೆಯ ಅವಕಾಶ ಕೊಟ್ಟ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ 1441ನೇ ನಿರ್ಣಯದ ಪರವಾಗಿ 2002ರ ನವೆಂಬರ್ 8ರಂದು ಸಿರಿಯಾ ಸಹಿತ ಹದಿನೈದೂ ಸದಸ್ಯರು ಮತ ಹಾಕಿದ್ದರು. 1998ರಲ್ಲಿ ಶಸ್ತ್ರಾಸ್ತ್ರ ತಪಾಸಕರನ್ನು ಹೊರಗಟ್ಟಿದ್ದ ಆಡಳಿತಗಾರನನ್ನು ನಂಬದಿದ್ದುದು ತಪ್ಪು ಅಂದಾಜಾಗಿರಬಹುದು. ಆದರೆ ತಪ್ಪು ಅಂದಾಜು ಬೇರೆ, ಸುಳ್ಳು ಬೇರೆ.

ನಿವೃತ್ತ ವರದಿಗಾರ:
ಮೊದಲು ಒಂದು ತಿದ್ದುಪಡಿ. ತಪಾಸಕರ ಕೆಲಸಕ್ಕೆ ಸದ್ದಾಂ ಅಡ್ಡಿಪಡಿಸಿದ್ದು ನಿಜ. ಆದರೆ 1998ರ ಡಿಸೆಂಬರಿನಲ್ಲಿ ಅವರು ಇರಾಕ್ ಬಿಟ್ಟದ್ದು ಅಮೆರಿಕ ಮತ್ತು ಬ್ರಿಟನ್ ಬಾಂಬ್ ದಾಳಿ ಆರಂಭಿಸುವ ಮುನ್ನ ವಿಶ್ವಸಂಸ್ಥೆಯೇ ಹಿಂದಕ್ಕೆ ಕರೆಸಿಕೊಂಡದ್ದರಿಂದ. ಹೊರಗಟ್ಟಿದರು ಎಂಬ ಮಾತು ಎಷ್ಟು ಸಲ ಪುನರಾವರ್ತನೆಯಾಯಿತೆಂದರೆ, ಕಾಳಜಿಯಿಂದ ಓದುವ ತಮ್ಮಂಥವರ ಮನಸ್ಸಿನಲ್ಲೂ ಅದೇ ನಿಂತುಬಿಟ್ಟಿದೆ.

ಇನ್ನು ಸುಳ್ಳು ಮತ್ತು ತಪ್ಪಿನ ನಡುವಿನ ಅಂತರ. ಈ ಎರಡರ ನಡುವೆ ಮೂರನೆಯದೊಂದಿದೆ, ನನಗೆ ನೋವು ಕೊಡುವುದು ಅದೇ: ತಜ್ಞರು ವ್ಯಕ್ತಪಡಿಸಿದ್ದ ಸಂಶಯವನ್ನು ಸಾರ್ವಜನಿಕರ ಮುಂದೆ ಇಡುವಾಗ ಅಳಿಸಿಹಾಕುವುದು. ಇರಾಕ್ ಖರೀದಿಸಲು ಯತ್ನಿಸಿದ್ದ ಅಲ್ಯುಮಿನಿಯಂ ಕೊಳವೆಗಳು ಅಣುಬಾಂಬಿಗೆ ಬೇಕಾದ ಯುರೇನಿಯಂ ಪುಷ್ಟೀಕರಣಕ್ಕಾಗಿ ಎಂದು ಜನರಿಗೆ ಹೇಳಲಾಯಿತು. ಅವು ಅದಕ್ಕೆ ತಕ್ಕವಲ್ಲ, ಬಹುಶಃ ರಾಕೆಟ್‌ಗಳಿಗಾಗಿ ಇರಬೇಕು ಎಂದು ಅಮೆರಿಕದ ಇಂಧನ ಇಲಾಖೆಯ ತಜ್ಞರೇ ಮೊದಲಿನಿಂದ ವಾದಿಸುತ್ತಿದ್ದರು. 2003ರ ಫೆಬ್ರವರಿ 5ರಂದು ಭದ್ರತಾ ಮಂಡಳಿಯಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪೊವೆಲ್ ವಿವರಿಸಿದ ಸಂಚಾರಿ ಜೈವಿಕ ಪ್ರಯೋಗಾಲಯಗಳ ಕಥೆಗೆ ಮುಖ್ಯ ಆಧಾರ 'ಕರ್ವ್‌ಬಾಲ್' ಎಂಬ ಗುಪ್ತನಾಮದ ಒಬ್ಬ ಮಾಹಿತಿದಾರ. ಆತ ಜರ್ಮನಿಯ ಗುಪ್ತಚರರಿಗೆ ಮಾಹಿತಿ ಕೊಡುತ್ತಿದ್ದ; ಮುಂದೆ ತಾನೇ ಅದನ್ನು ಕಟ್ಟಿ ಹೇಳಿದ್ದಾಗಿ ಒಪ್ಪಿಕೊಂಡ. ಇರಾಕ್ ನೈಜರ್‌ನಿಂದ ಯುರೇನಿಯಂ ತರಿಸಲು ಹೊರಟಿತ್ತು ಎಂಬುದಕ್ಕೆ ತೋರಿಸಿದ ಕಾಗದಗಳು ನಕಲಿ ಎಂದು ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಮುಖ್ಯಸ್ಥ ಎಲ್‌ಬರಾದಿ ಯುದ್ಧಕ್ಕೆ ಎರಡು ವಾರ ಮೊದಲೇ, ಮಾರ್ಚ್ 7ರಂದು, ಬಹಿರಂಗವಾಗಿ ತಿಳಿಸಿದ್ದರು. ಆ ಮೇಲೂ ಸೇನೆ ನಿಲ್ಲಲಿಲ್ಲ.

ಶಿಕ್ಷಕಿ:
ಅಸ್ತ್ರಗಳ ಲೆಕ್ಕವನ್ನೇ ಹಿಡಿದು ಕೂತರೆ ಮನುಷ್ಯರು ಮರೆತುಹೋಗುತ್ತಾರೆ. 1988ರ ಮಾರ್ಚ್ 16ರಂದು ಇರಾಕಿನದೇ ಹಲಬ್ಜಾ ಎಂಬ ಕುರ್ದಿಶ್ ಪಟ್ಟಣದ ಮೇಲೆ ಸದ್ದಾಂ ವಿಷಾನಿಲ ಸುರಿಸಿದಾಗ ಸುಮಾರು 5,000 ಜನ ಸತ್ತರು, ಬಹುಪಾಲು ಹೆಂಗಸರು ಮತ್ತು ಮಕ್ಕಳು. ಅಂಥ ಆಡಳಿತವನ್ನು ಕಿತ್ತೊಗೆಯಲು ಬೇರೆ ಕಾರಣ ಬೇಕೇ? ಅಸ್ತ್ರಗಳು ಸಿಗಲಿಲ್ಲವೆಂಬ ಮಾತ್ರಕ್ಕೆ ಆ ಯುದ್ಧಕ್ಕೆ ನ್ಯಾಯವೇ ಇರಲಿಲ್ಲ ಎನ್ನುವುದನ್ನು ನಾನು ಹೃದಯಪೂರ್ವಕವಾಗಿ ನಿರಾಕರಿಸುತ್ತೇನೆ.

ವಕೀಲ:
ಶಿಕ್ಷಕಿಯವರೇ, ತಮ್ಮ ಸಂಕಟವನ್ನು ನಾನು ಗೌರವಿಸುತ್ತೇನೆ. ಆದರೆ ಆ ಕಾರಣವನ್ನು ಯುದ್ಧ ನಡೆಸಿದವರೇ ಸಾಕಾಗದೆಂದು ಬದಿಗಿಟ್ಟಿದ್ದರು. ಅಮೆರಿಕದ ಆಗಿನ ಉಪ ರಕ್ಷಣಾ ಕಾರ್ಯದರ್ಶಿ ಪಾಲ್ ವುಲ್ಫೊವಿಟ್ಜ್ 2003ರ ಮೇ ತಿಂಗಳ ಸಂದರ್ಶನದಲ್ಲಿ, ಸರ್ಕಾರದೊಳಗೆ ಎಲ್ಲರೂ ಒಪ್ಪಬಹುದಾದ ಕಾರಣ ಸಮೂಹನಾಶಕ ಅಸ್ತ್ರಗಳಾದ್ದರಿಂದ ಅದನ್ನೇ ಮುಂದಿಟ್ಟೆವು ಎಂದರು. ಇರಾಕಿ ಜನರ ಮೇಲಿನ ಕ್ರೌರ್ಯವೊಂದೇ ಅಮೆರಿಕದ ಯುವಕರ ಪ್ರಾಣವನ್ನು ಆ ಪ್ರಮಾಣದಲ್ಲಿ ಪಣಕ್ಕಿಡಲು ಸಾಕಾಗುವ ಕಾರಣವಲ್ಲ ಎಂಬುದೂ ಅದೇ ಸಂದರ್ಶನದಲ್ಲಿದೆ. ಹಲಬ್ಜಾ ನಡೆದ ವರ್ಷವೇ ಇರಾಕಿನ ಮೇಲೆ ನಿರ್ಬಂಧ ಹೇರುವ ಮಸೂದೆಯನ್ನು ಅಮೆರಿಕದ ಸೆನೆಟ್ ಅಂಗೀಕರಿಸಿದಾಗ ಅದನ್ನು ವಿರೋಧಿಸಿದ್ದು ರೇಗನ್ ಸರ್ಕಾರ. ಅದು ಕಾನೂನಾಗಲೇ ಇಲ್ಲ.

ನನ್ನ ಆಕ್ಷೇಪಣೆಯ ತಿರುಳು ಒಪ್ಪಿಗೆಗೆ ಸಂಬಂಧಿಸಿದ್ದು. 2002ರ ಅಕ್ಟೋಬರಿನಲ್ಲಿ ಸೆನೆಟ್ 77ಕ್ಕೆ 23ರಂತೆ ಯುದ್ಧಾಧಿಕಾರ ನೀಡಿತು. 2003ರ ಮಾರ್ಚ್ 18ರಂದು ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್ 412ಕ್ಕೆ 149ರಂತೆ ಒಪ್ಪಿತು, ಅದರ ಹಿಂದಿನ ದಿನವಷ್ಟೇ ಸಚಿವ ರಾಬಿನ್ ಕುಕ್ ಯುದ್ಧವನ್ನು ವಿರೋಧಿಸಿ ಸಚಿವ ಸಂಪುಟಕ್ಕೆ ರಾಜೀನಾಮೆ ಕೊಟ್ಟಿದ್ದರು. ಈ ಮತಗಳನ್ನು ಮುಖ್ಯವಾಗಿ ಯಾಚಿಸಿದ್ದು ಅಸ್ತ್ರಗಳ ಅಪಾಯದ ಹೆಸರಿನಲ್ಲಿ. ಒಂದು ಕಾರಣಕ್ಕೆ ಒಪ್ಪಿಗೆ ಪಡೆದು, ಅದು ಕುಸಿದ ಮೇಲೆ ಇನ್ನೊಂದನ್ನು ಅದರ ಜಾಗದಲ್ಲಿ ನಿಲ್ಲಿಸಿದರೆ, ಆ ಎರಡನೆಯ ಕಾರಣ ಎಷ್ಟೇ ಉದಾತ್ತವಾಗಿದ್ದರೂ ಅದಕ್ಕೆ ಯಾರೂ ಒಪ್ಪಿಗೆ ಕೊಟ್ಟಿರಲಿಲ್ಲ ಎಂಬ ಸತ್ಯ ಬದಲಾಗುವುದಿಲ್ಲ.

ಹೊಸ ಓದುಗ:
ತಾವೆಲ್ಲರೂ ತೈಲದ ಹೆಸರನ್ನೇ ಎತ್ತಿಲ್ಲ. ನನ್ನ ಮಟ್ಟಿಗೆ ನಿಜವಾದ ಕಾರಣ ಅದೊಂದೇ.

ನಿವೃತ್ತ ವರದಿಗಾರ:
2003ರ ಏಪ್ರಿಲ್‌ನಲ್ಲಿ ಬಾಗ್ದಾದಿನ ವಸ್ತುಸಂಗ್ರಹಾಲಯ ಲೂಟಿಯಾಗುತ್ತಿದ್ದಾಗ ತೈಲ ಸಚಿವಾಲಯಕ್ಕೆ ಅಮೆರಿಕದ ಸೈನಿಕರ ಕಾವಲಿತ್ತು ಎಂಬುದನ್ನು ನಾನೂ ಮರೆತಿಲ್ಲ. ಆದರೂ 2009ರ ಹರಾಜಿನಲ್ಲಿ ದೊಡ್ಡದಾದ ರುಮೈಲಾ ತೈಲಕ್ಷೇತ್ರ ದಕ್ಕಿದ್ದು ಅಮೆರಿಕದ ಕಂಪನಿಗಲ್ಲ, ಬ್ರಿಟನ್ನಿನ ಬಿಪಿ ಮತ್ತು ಚೀನಾದ ಸರ್ಕಾರಿ ಕಂಪನಿಯ ಕೂಟಕ್ಕೆ. 'ಒಂದೇ ಕಾರಣ' ಎನ್ನುವುದಕ್ಕೆ ಆಧಾರ ಸಾಲದು.

ಚರಿತ್ರೆ ವಿದ್ಯಾರ್ಥಿ:
1998ರ ಬಗೆಗಿನ ತಿದ್ದುಪಡಿಯನ್ನು ಒಪ್ಪಿಕೊಳ್ಳುತ್ತೇನೆ. ನನ್ನ ವಾದದ ಇನ್ನೊಂದು ಭಾಗವನ್ನೂ ಸಡಿಲಿಸಬೇಕಾಗಿದೆ. 1441ನೇ ನಿರ್ಣಯದ ನಂತರ ತಪಾಸಕರು ಇರಾಕಿಗೆ ಮರಳಿದ್ದರು; ವಿಶ್ವಸಂಸ್ಥೆಯ ಮುಖ್ಯ ತಪಾಸಕ ಹಾನ್ಸ್ ಬ್ಲಿಕ್ಸ್ 2003ರ ಮಾರ್ಚ್ 7ರಂದು, ಉಳಿದ ಕೆಲಸಕ್ಕೆ ವರ್ಷಗಳು ಬೇಡ, ವಾರಗಳು ಸಾಲವು, ತಿಂಗಳುಗಳು ಬೇಕು ಎಂದಿದ್ದರು. ಆಗ ಇರಾಕ್ ನಿಷೇಧಿತ ಅಲ್ ಸಮೂದ್-2 ಕ್ಷಿಪಣಿಗಳನ್ನು ಅವರ ಕಣ್ಣೆದುರೇ ನಾಶಪಡಿಸುತ್ತಿತ್ತು. 2016ರ ಜುಲೈ 6ರಂದು ಹೊರಬಂದ, ಬ್ರಿಟನ್ನಿನ ಅಧಿಕೃತ ವಿಚಾರಣೆಯ ಚಿಲ್ಕಾಟ್ ವರದಿ ಕೂಡ ಶಾಂತಿಯುತ ಮಾರ್ಗಗಳು ಮುಗಿಯುವ ಮೊದಲೇ ಬ್ರಿಟನ್ ಯುದ್ಧಕ್ಕಿಳಿಯಿತು ಎಂದು ತೀರ್ಮಾನಿಸಿತು. ಅಂದಾಜು ತಪ್ಪಿದ್ದನ್ನು ಕ್ಷಮಿಸಬಹುದೇನೋ; ಅದನ್ನು ಪರೀಕ್ಷಿಸಲು ಸಾಧ್ಯವಿದ್ದ ಸಮಯದಲ್ಲೇ ಪರೀಕ್ಷೆಯನ್ನು ನಿಲ್ಲಿಸಿದ್ದನ್ನು ನಾನು ಸಮರ್ಥಿಸಲಾರೆ.

ಶಿಕ್ಷಕಿ:
ಆ ತಿಂಗಳುಗಳು ಸಿಕ್ಕಿದ್ದರೆ ಅಸ್ತ್ರಗಳಿಲ್ಲವೆಂದು ತಿಳಿಯುತ್ತಿತ್ತು, ಸದ್ದಾಂ ಪಟ್ಟದಲ್ಲೇ ಉಳಿಯುತ್ತಿದ್ದರು. ಹಲಬ್ಜಾದ ತಾಯಂದಿರ ಮುಂದೆ ನಿಂತು ಅದೇ ಸರಿಯಾಗಿತ್ತು ಎಂದು ಹೇಳಲು ನನಗೆ ಇಂದಿಗೂ ಬಾಯಿ ಬರುವುದಿಲ್ಲ. ಆದರೆ ವಕೀಲರ ಮಾತಿನಲ್ಲಿ ಒಂದನ್ನು ಒಪ್ಪುತ್ತೇನೆ: ಹಲಬ್ಜಾದವರ ಹೆಸರಿನಲ್ಲಿ ಯುದ್ಧಕ್ಕೆ ಹೋಗುವುದಾಗಿದ್ದರೆ ಅವರ ಹೆಸರಿನಲ್ಲೇ ಮತ ಕೇಳಬೇಕಿತ್ತು, ಆ ಮತದಲ್ಲಿ ಸೋಲು ಖಚಿತವಾಗಿದ್ದರೂ.