ಅಪ್‌ಡೇಟ್: ಹಲಸಿನ ಹಪ್ಪಳದ ಘಟಕ, ದೊಡ್ಡ ಯೋಜನೆಯೇ ಕೈಹಿಡಿಯಿತು
ಉಡುಪಿಯಲ್ಲಿ ಹಲಸಿನ ಹಪ್ಪಳದ ಘಟಕವನ್ನು ಆರಂಭದಲ್ಲೇ ದೊಡ್ಡದಾಗಿ ಯೋಜಿಸಬಹುದೇ ಎಂದು ಕೇಳಿದ್ದೆ; ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ಐದು ವರ್ಷಗಳ ಗುರಿಯನ್ನು ಮೊದಲು ಬರೆದು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಬೇಕೆಂಬ ಸಲಹೆ ಫಲ ಕೊಟ್ಟಿತು. ಬಲಿತ ಹಲಸು ಸಿಗುವುದು ಬೇಸಿಗೆಯಲ್ಲಿ, ಜೂನ್‌ನಲ್ಲಿ ಮಳೆ ಹಿಡಿದರೆ ಚಾಪೆಯ ಮೇಲೆ ಹರಡಿದ ಹಪ್ಪಳ ಒಣಗದೆ ಬೂಷ್ಟು ಹಿಡಿಯುತ್ತದೆ; ಹೀಗಾಗಿ ವರ್ಷವಿಡೀ ಮಾರುವ ಗುರಿಯಿದ್ದರೆ ಮೊದಲು ಬೇಕಾದದ್ದು ಡ್ರೈಯರ್ ಎಂಬುದು ಬರೆಯುತ್ತಿದ್ದಂತೆಯೇ ಸ್ಪಷ್ಟವಾಯಿತು. ಪೇಟೆಯಲ್ಲಿ ಮಳಿಗೆ ಹಿಡಿಯುವ ಸಲಹೆ ಮಾತ್ರ ಕೂಡಿಬರಲಿಲ್ಲ, ಮುಂಗಡದ ಮೊತ್ತ ಕೈಗೆಟುಕದಷ್ಟಿತ್ತು.

ಅಚ್ಚರಿಯೆಂದರೆ, ಸಾಲ ಕೇಳಿದಾಗ ಬ್ಯಾಂಕಿನವರು ಖರ್ಚಿನ ಚಿಕ್ಕ ಪಟ್ಟಿಗಿಂತ ಐದು ವರ್ಷಗಳ ಈ ವಿಸ್ತೃತ ವರದಿಯನ್ನೇ ಮೆಚ್ಚಿದರು. ಕಿರು ಆಹಾರ ಸಂಸ್ಕರಣಾ ಘಟಕಗಳಿಗೆ ನೆರವಾಗುವ ಕೇಂದ್ರ ಸರ್ಕಾರದ ಪಿಎಂಎಫ್‌ಎಂಇ ಯೋಜನೆಯಲ್ಲಿ, ನಾವು ಅರ್ಜಿ ಹಾಕಿದಾಗ, ಘಟಕದ ವೆಚ್ಚದ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನವಿದ್ದು, ನಮ್ಮ ಪಾಲು ಕನಿಷ್ಠ ಶೇ. 10 ಇರಬೇಕಿತ್ತು. ಸಾಲ ಮಂಜೂರಾಗಿದೆ, ಡ್ರೈಯರ್‌ಗೆ ಮುಂಗಡ ಕೊಟ್ಟಾಗಿದೆ.