ಇಳಿಜಾರಿನ ಅಡಿಕೆ ತೋಟಕ್ಕೆ ಹಳೆಯ ಫೋರ್ ವ್ಹೀಲ್ ಮಿನಿ ಟ್ರ್ಯಾಕ್ಟರ್ ಕೊಳ್ಳಬಹುದೇ?

ಹೊಸನಗರದ ಬೆಳೆಗಾರ:
ನಮಗೆ ಐದು ಎಕರೆ ಅಡಿಕೆ ಇದೆ. ಮೂರು ಎಕರೆ ಕಣಿವೆಯೊಳಗಿನ ಹಳೆಯ ತೋಟ. ಉಳಿದ ಎರಡು ಎಕರೆಯನ್ನು ಆರು ವರ್ಷದ ಹಿಂದೆ ಗುಡ್ಡದ ಇಳಿಜಾರಿನಲ್ಲಿ 9 ಅಡಿ ಅಂತರದಲ್ಲಿ ಹಾಕಿದ್ದೇವೆ. ಗೊಬ್ಬರ, ಸೊಪ್ಪು, ಕೊಯ್ದ ಗೊನೆಗಳನ್ನು ಸಾಗಿಸುವುದಕ್ಕೂ ಹೊಸ ತೋಟದ ಕಳೆ ತೆಗೆಯುವುದಕ್ಕೂ ಒಂದು ಸಣ್ಣ ಟ್ರ್ಯಾಕ್ಟರ್ ಬೇಕಾಗಿದೆ. ದಲ್ಲಾಳಿಯೊಬ್ಬರು 24 ಎಚ್‌ಪಿಯ 2019ರ ಒಂದು ಫೋರ್ ವ್ಹೀಲ್ ಗಾಡಿ, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವಂಥದ್ದು, ತೋರಿಸಿದ್ದಾರೆ. ಮೀಟರಿನಲ್ಲಿ 1,450 ಗಂಟೆ ಇದೆ, ಮುಂದಿನ ಎರಡೂ ಟೈರು ಹೊಸವು, ಹೇಳುವ ಬೆಲೆ 3 ಲಕ್ಷ 90 ಸಾವಿರ. ಟ್ರ್ಯಾಕ್ಟರಿನ ಅನುಭವ ನನಗಿಲ್ಲ. ಬಲ್ಲವರು ದಯವಿಟ್ಟು ತಿಳಿಸಬೇಕು.

ಚನ್ನಗಿರಿಯ ರೈತ:
ನಾನು ಹದಿನೆಂಟು ಎಚ್‌ಪಿಯ ಸಾಧಾರಣ ಟೂ ವ್ಹೀಲ್ (ಹಿಂದಿನ ಎರಡು ಚಕ್ರಕ್ಕೆ ಮಾತ್ರ ಬಲ ಹೋಗುವ) ಮಿನಿ ಟ್ರ್ಯಾಕ್ಟರಿನಲ್ಲೇ ಎಂಟು ಎಕರೆ ಅಡಿಕೆ ನೋಡಿಕೊಳ್ಳುತ್ತಿದ್ದೇನೆ. ಮುಂದಿನ ಚಕ್ರಕ್ಕೂ ಗೇರು ಇರುವ ಗಾಡಿ ಎಂದರೆ ಕೆಡುವ ಭಾಗಗಳೂ ಹೆಚ್ಚು, ಹಳೆಯದಾದರೆ ಆ ಖರ್ಚು ನಿಮ್ಮ ತಲೆಗೇ ಬರುತ್ತದೆ. ಇನ್ನೊಂದು ಮಾತು: ಅಡಿಕೆಯ ಬೇರು ಮೇಲ್ಮಣ್ಣಿನಲ್ಲೇ ಹರಡಿರುತ್ತದೆ. ಮಣ್ಣು ಕೊಚ್ಚುವ ರೋಟವೇಟರ್ ಇದೆಯೆಂದು ಬುಡದ ತನಕ ಆಳವಾಗಿ ಹೊಡೆದರೆ ಮರ ಸೊರಗುತ್ತದೆ. ಸಾಲಿನ ನಡುವೆ ಎರಡು ಅಂಗುಲ ಕೆರೆದರೆ ಸಾಕು, ಅಷ್ಟಕ್ಕೆ ನಾಲ್ಕು ಚಕ್ರದ ಬಲ ಬೇಕಿಲ್ಲ.

ಶಿರಸಿಯ ಮೆಕ್ಯಾನಿಕ್:
ಬೇರಿನ ವಿಷಯದಲ್ಲಿ ಚನ್ನಗಿರಿಯವರ ಮಾತನ್ನು ಒಪ್ಪುತ್ತೇನೆ, ಆದರೆ ಅವರ ನೆಲ ಸಮತಟ್ಟು, ಕೇಳಿದವರ ನೆಲ ಇಳಿಜಾರು. ಬಹಳ ಜನ ಫೋರ್ ವ್ಹೀಲ್ ಎಂದರೆ ಏರು ಹತ್ತುವುದಕ್ಕೆ ಮಾತ್ರ ಎಂದುಕೊಂಡಿದ್ದಾರೆ. ಇಂಥ ಟ್ರ್ಯಾಕ್ಟರುಗಳಲ್ಲಿ ಬ್ರೇಕು ಇರುವುದು ಹಿಂದಿನ ಚಕ್ರಗಳಿಗೆ ಮಾತ್ರ. ತುಂಬಿದ ಟ್ರಾಲಿ ಹಿಂದಿನಿಂದ ನೂಕುತ್ತಿರುವಾಗ, ಒದ್ದೆ ದರಕಿನ (ಉದುರಿದ ಎಲೆಗಳ) ಮೇಲೆ ಹಿಂದಿನ ಚಕ್ರ ಜಾರಿತೆಂದರೆ ಟೂ ವ್ಹೀಲ್ ಗಾಡಿಯನ್ನು ತಡೆಯಲು ಬೇರೇನೂ ಉಳಿಯುವುದಿಲ್ಲ. ಫೋರ್ ವ್ಹೀಲ್ ಹಾಕಿದ್ದರೆ ಬ್ರೇಕಿನ ಹಿಡಿತವೂ ಎಂಜಿನ್ನಿನ ಹಿಡಿತವೂ ಗೇರಿನ ಮೂಲಕ ಮುಂದಿನ ಚಕ್ರಗಳಿಗೂ ಹೋಗುತ್ತದೆ. ಮಲೆನಾಡಿನಲ್ಲಿ ಅದನ್ನು ಕೊಳ್ಳಬೇಕಾದದ್ದು ಇಳಿಯುವುದಕ್ಕಾಗಿ.

ಹಾಗೆಂದು ಮುಂದಿನ ಆಕ್ಸಲ್ ಹಾಳಾದ ಫೋರ್ ವ್ಹೀಲ್ ತೆಗೆದುಕೊಂಡರೆ ಹೆಚ್ಚು ದುಡ್ಡು ಕೊಟ್ಟು ಟೂ ವ್ಹೀಲ್ ಕೊಂಡಂತೆ. ಎಂಜಿನ್ನು ತಣ್ಣಗಿರುವಾಗಲೇ ಹೋಗಿ ಸ್ಟಾರ್ಟ್ ಮಾಡಿಸಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆಂದು ಹೇಳಿ. ಬಿಸಿಯಾದ ಮೇಲೂ ನೀಲಿ ಹೊಗೆ ನಿಲ್ಲದಿದ್ದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ಆಮೇಲೆ ಮುಂದಿನ ಭಾಗವನ್ನು ಜಾಕ್ ಮೇಲೆ ಎತ್ತಿ, ಎಂಜಿನ್ ನಿಲ್ಲಿಸಿ, ಗೇರಿನಲ್ಲಿಟ್ಟು ಫೋರ್ ವ್ಹೀಲ್ ಲಿವರ್ ಹಾಕಿ, ಒಂದು ಮುಂಚಕ್ರವನ್ನು ಕೈಯಿಂದ ತಿರುಗಿಸಿ. ಇನ್ನೊಂದು ಚಕ್ರ ಎದುರು ದಿಕ್ಕಿಗೆ ತಿರುಗಬೇಕು. ಅದು ಕದಲುವ ಮುನ್ನ ನಿಮ್ಮ ಕೈಯಲ್ಲಿನ ಚಕ್ರ ಎಷ್ಟು ಖಾಲಿಯಾಗಿ ಆಡುತ್ತದೆ ಎಂಬುದೇ ಒಳಗಿನ ಗೇರುಗಳ ಸವೆತದ ಅಳತೆ. ಚಕ್ರದ ಒಳಬದಿಯ ಗೇರ್ ಕೇಸಿನ ಕೆಳಗೆ ಎಣ್ಣೆ ಜಿನುಗಿದ ಕಲೆ ಇದೆಯೇ ನೋಡಿ. ಮಾಲೀಕರು ಒಪ್ಪಿದರೆ ಆ ಕೇಸಿನ ಡ್ರೈನ್ ಬೋಲ್ಟನ್ನು ಸ್ವಲ್ಪ ಸಡಿಲಿಸಿ ನಾಲ್ಕು ಹನಿ ಆಯಿಲ್ ಕೈಗೆ ಹಿಡಿಯಿರಿ. ಹಾಲು ಬೆರೆಸಿದ ಚಹಾದ ಬಣ್ಣ ಕಂಡರೆ ಸೀಲು ಹೋಗಿ ನೀರು ಸೇರಿದೆ.

ಮುಂದಿನ ಟೈರು ಹೊಸದು ಎಂದಿರಿ. ಅದು ಒಳ್ಳೆಯ ಸುದ್ದಿಯೇ ಆಗಿರಬೇಕೆಂದಿಲ್ಲ. ಮುಂಚಕ್ರ ಹಿಂಚಕ್ರಕ್ಕಿಂತ ಕೂದಲೆಳೆಯಷ್ಟು ಬೇಗ ಓಡುವಂತೆ ಕಂಪನಿ ಗೇರು ಮತ್ತು ಟೈರಿನ ಸುತ್ತಳತೆಯನ್ನು ಹೊಂದಿಸಿರುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಬೇರೆ ಅಳತೆಯ ಟೈರು ಹಾಕಿದರೆ ಮುಂದಿನದೂ ಹಿಂದಿನದೂ ಒಂದನ್ನೊಂದು ಎಳೆದಾಡಿ ಗೇರು ತಿನ್ನುತ್ತವೆ. ಪುಸ್ತಕದಲ್ಲಿರುವ ಅಳತೆಗೆ ಟೈರಿನ ಮೇಲಿನ ಅಂಕಿ ಹೊಂದುತ್ತದೆಯೇ ನೋಡಿ. ಟಾರು ರಸ್ತೆಯಲ್ಲಿ ಫೋರ್ ವ್ಹೀಲ್ ಬಿಡಿಸಿಯೇ ಓಡಿಸಬೇಕೆನ್ನುವುದೂ ಇದೇ ಕಾರಣಕ್ಕೆ.

ವಿಜಯಪುರದ ದ್ರಾಕ್ಷಿ ಬೆಳೆಗಾರ:
ಗಂಟೆಯ ಲೆಕ್ಕದ ಬಗ್ಗೆ ನನ್ನದೊಂದು ಮಾತು. ನಮ್ಮ ಕಡೆ ದ್ರಾಕ್ಷಿ ತೋಟದ ಫೋರ್ ವ್ಹೀಲ್ ಗಾಡಿಗಳು ವರ್ಷವಿಡೀ ಔಷಧ ಸಿಂಪಡಿಸುವ ಬ್ಲೋವರನ್ನೇ ತಿರುಗಿಸುತ್ತವೆ. ಮೀಟರು 3,000 ದಾಟಿದ್ದರೂ ಒಣ ನೆಲದಲ್ಲಿ ನಿಧಾನ ಓಡಾಡಿದ ಗಾಡಿಯ ಮುಂದಿನ ಆಕ್ಸಲ್ ಗಟ್ಟಿಯಾಗಿರುವುದನ್ನು ಕಂಡಿದ್ದೇನೆ. ಅಂಥ ಗಾಡಿಯಲ್ಲಿ ಸವೆತ ಕಾಣಬೇಕಾದರೆ ಬ್ಲೋವರಿನಂಥ ಉಪಕರಣ ತಿರುಗಿಸುವ ಪಿಟಿಒ ಶಾಫ್ಟಿನ ಹಲ್ಲು ನೋಡಬೇಕು. ಆದರೆ ಗದ್ದೆಯ ಕೆಸರಿನಲ್ಲಿ ಕೇಜ್ ವ್ಹೀಲ್ (ಕಬ್ಬಿಣದ ಪಂಜರದ ಚಕ್ರ) ಕಟ್ಟಿ ದುಡಿದ ಗಾಡಿ 800 ಗಂಟೆಗೇ ಸೀಲು, ಬೇರಿಂಗು ಕಳೆದುಕೊಂಡಿರಬಹುದು. ಆದ್ದರಿಂದ ಎಷ್ಟು ಗಂಟೆ ಓಡಿದೆ ಎನ್ನುವುದಕ್ಕಿಂತ ಮೊದಲು ಯಾವ ಊರಿನಲ್ಲಿ, ಯಾವ ಕೆಲಸಕ್ಕೆ ಓಡಿದೆ ಎಂದು ವಿಚಾರಿಸಿ. ದಲ್ಲಾಳಿಯನ್ನಲ್ಲ, ಹಿಂದಿನ ಮಾಲೀಕರ ಚಾಲಕನನ್ನು ಕೇಳಿ.

ಸಾಗರದ ನಿವೃತ್ತ ಬ್ಯಾಂಕ್ ನೌಕರ:
ಯಂತ್ರ ಸರಿಯಿದ್ದು ಕಾಗದ ಸರಿಯಿಲ್ಲದಿದ್ದರೂ ನಷ್ಟ ನಿಮ್ಮದೇ. ಆರ್‌ಸಿಯಲ್ಲಿ ಬ್ಯಾಂಕಿನ ಅಥವಾ ಫೈನಾನ್ಸಿನ ಹೆಸರಿದ್ದರೆ ಸಾಲ ತೀರಿದ ಪತ್ರದ ಜೊತೆ, ಆ ಹೆಸರು ತೆಗೆಸಲು ಅವರ ಸಹಿಯಿರುವ ನಮೂನೆ 35 ಬೇಕು. ಗಾಡಿ ನಿಮ್ಮ ಹೆಸರಿಗೆ ಬರಲು ಮಾರುವವರು ನಮೂನೆ 29ಕ್ಕೂ, ಇಬ್ಬರೂ ನಮೂನೆ 30ಕ್ಕೂ ಸಹಿ ಹಾಕಬೇಕು. ಗಾಡಿ ಬೇರೆ ಆರ್‌ಟಿಒ ವ್ಯಾಪ್ತಿಯದಾದರೆ ನಮೂನೆ 28ರ ನಿರಾಕ್ಷೇಪಣಾ ಪತ್ರವೂ ಬೇಕು. ವಿಮೆಯನ್ನು ನಿಮ್ಮ ಹೆಸರಿಗೆ ಬದಲಾಯಿಸಲು 14 ದಿನದೊಳಗೆ ಅರ್ಜಿ ಕೊಡಿ. ನನ್ನ ತಮ್ಮ ಬರೀ ಇಪ್ಪತ್ತು ರೂಪಾಯಿಯ ಛಾಪಾ ಕಾಗದ ನಂಬಿ ಹಣ ಕೊಟ್ಟು, ಬಾಕಿ ಸಾಲಕ್ಕಾಗಿ ಗಾಡಿಯನ್ನು ಫೈನಾನ್ಸಿನವರು ಎಳೆದುಕೊಂಡು ಹೋದಾಗ ಅಂಗಳದಲ್ಲಿ ನಿಂತು ನೋಡಬೇಕಾಯಿತು. ಸಹಾಯಧನದಲ್ಲಿ ಪಡೆದ ಗಾಡಿಯಾಗಿದ್ದರೆ ಮಾರಾಟಕ್ಕೆ ನಿರ್ಬಂಧ ಇದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಯೇ ಮುಂಗಡ ಕೊಡಿ.

ಚನ್ನಗಿರಿಯ ರೈತ:
ಇಳಿಜಾರಿನ ಬ್ರೇಕಿನ ವಿಷಯ ನನಗೆ ಹೊಳೆದಿರಲಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಬೆಲೆಯನ್ನು ಒಪ್ಪಲಾರೆ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಹೊಸದರ ಬೆಲೆ ಇಳಿದ ಮೇಲೂ ಹಳೆಯದನ್ನು ಹಿಂದಿನ ಲೆಕ್ಕದಲ್ಲೇ ಮಾರುವುದು ನ್ಯಾಯವಲ್ಲ. ಮೊದಲು ಶೋರೂಮಿನಲ್ಲಿ ಹೊಸದರ ದರಪಟ್ಟಿ ಬರೆಸಿಕೊಂಡು, ಅದನ್ನು ಕೈಯಲ್ಲಿಟ್ಟುಕೊಂಡೇ ಮಾತಾಡಿ. ಎರಡು ಎಕರೆಯ ಕಳೆಗಾದರೆ ಕೃಷಿ ಯಂತ್ರಧಾರೆ ಕೇಂದ್ರದಿಂದ ಬಾಡಿಗೆಗೆ ತರಬಹುದಲ್ಲವೇ?

ಶಿರಸಿಯ ಮೆಕ್ಯಾನಿಕ್:
ಬಾಡಿಗೆಯ ಗಾಡಿ ಎಲ್ಲರಿಗೂ ಬೇಕಾದ ವಾರದಲ್ಲಿ ನಮಗೂ ಬೇಕಾಗುತ್ತದೆ, ತೊಂದರೆ ಅಲ್ಲಿದೆ. ಆದರೆ ಹೊಸನಗರದವರು ಒಂದನ್ನು ತಿಳಿದಿರಬೇಕು: ಕಣಿವೆಯ ಹಳೆಯ ತೋಟದಲ್ಲಿ ಸಾಲುಗಳ ನಡುವೆ ಬಸಿಗಾಲುವೆ ಇರುತ್ತದೆ. ಅಲ್ಲಿಗೆ ಯಾವ ಫೋರ್ ವ್ಹೀಲೂ ಇಳಿಯುವುದಿಲ್ಲ. ತೋಟದ ಬೇಲಿಯ ತನಕ ಹೊರೆ ತಲುಪಿಸಿದರೆ ಸಾಕೆನ್ನುವುದಾದರೆ ಮಾತ್ರ ಈ ಹಣ ಹಾಕಿ.

ಹೊಸನಗರದ ಬೆಳೆಗಾರ:
ಎಲ್ಲರಿಗೂ ನಮಸ್ಕಾರ. ಭಾನುವಾರ ಊರಿನ ಮೆಕ್ಯಾನಿಕರೊಬ್ಬರ ಜೊತೆ ಹೋಗಿ ನೋಡಿ ಬಂದೆ. ಎಂಜಿನ್ನು ತಣ್ಣಗಿದ್ದೂ ಒಂದೇ ಸಲಕ್ಕೆ ಹತ್ತಿತು, ಹೊಗೆಯಿಲ್ಲ. ಲಿಫ್ಟಿನಲ್ಲಿ ರೋಟವೇಟರ್ ಎತ್ತಿ ಎಂಜಿನ್ ನಿಲ್ಲಿಸಿದರೆ ಕಾಲು ಗಂಟೆ ಕಳೆದರೂ ಕೆಳಗಿಳಿಯಲಿಲ್ಲ, ಅಂದರೆ ಲಿಫ್ಟೂ ಸರಿಯಿದೆ. ಆದರೆ ಬಲಗಡೆಯ ಮುಂಚಕ್ರದ ಆಯಿಲ್ ನೀವು ಹೇಳಿದ ಬಣ್ಣಕ್ಕೇ ತಿರುಗಿತ್ತು, ಹೊಸ ಟೈರುಗಳ ಅಳತೆಯೂ ಪುಸ್ತಕದ್ದಲ್ಲ. ವಿಚಾರಿಸಿದಾಗ ಮೂರು ಮಳೆಗಾಲ ಗದ್ದೆ ಹೂಡಿದ ಗಾಡಿಯೆಂದು ತಿಳಿಯಿತು. ಮಾರುವವರ ಖರ್ಚಿನಲ್ಲೇ ಆಕ್ಸಲ್ ಬಿಚ್ಚಿಸಿ, ನಮ್ಮ ಮೆಕ್ಯಾನಿಕರ ಎದುರೇ ಗೇರು ತೋರಿಸಿ, ಸರಿಯಾದ ಟೈರು ಹಾಕಿಸಿ, ನಮೂನೆ 35 ಕೈಗೆ ಕೊಟ್ಟರೆ 3 ಲಕ್ಷ 20 ಸಾವಿರ ಕೊಡುವೆನೆಂದು ಹೇಳಿ ಬಂದಿದ್ದೇನೆ. ಒಪ್ಪದಿದ್ದರೆ ವಿಜಯಪುರದ ಕಡೆಯ ಗಾಡಿಗಳನ್ನು ನೋಡಲು ಹೋಗುತ್ತೇನೆ. ಅಲ್ಲಿಂದ ಹೊಸನಗರದ ತನಕ ಲಾರಿಯಲ್ಲಿ ತರಿಸಲು ಏನಾಗುತ್ತದೆಂದು ದ್ರಾಕ್ಷಿ ಬೆಳೆಗಾರರು ತಿಳಿಸಿದರೆ ಉಪಕಾರವಾಗುತ್ತದೆ.