ಬಿಸಿಯಾದ ಮೇಲೆ ಆಫ್ ಆಗುವ ಹಳೆ ಕಾರು: ಯಾವ ಸೆನ್ಸರ್ ಎಂದು ಹಿಡಿಯುವುದು ಹೇಗೆ?

ಬದಿಯಡ್ಕದಿಂದ, ಕೇಳುವವರು

ಹಳೆ ಕಾರು ಇಟ್ಟುಕೊಂಡವರು ಸ್ವಲ್ಪ ದಾರಿ ಹೇಳಬೇಕು. ನನ್ನದು 2007ರ ಮಾಡೆಲ್ ಸಣ್ಣ ಪೆಟ್ರೋಲ್ ಕಾರು, ಎಂಪಿಎಫ್‌ಐ (ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸುವ) ಇಂಜಿನ್, 1,38,000 ಕಿಲೋಮೀಟರ್ ಓಡಿದೆ. ಕಂಪನಿ ಹೆಸರು ಬರೆದರೆ ಮಾತೆಲ್ಲ ಆ ಕಡೆಗೇ ಹೋಗುತ್ತದೆ, ಅದಕ್ಕೇ ಬರೆದಿಲ್ಲ. ತೊಂದರೆ ಏನೆಂದರೆ ಗಾಡಿ ಆಫ್ ಆಗುತ್ತದೆ. ಮಗಳ ಮನೆ ಕಲ್ಲಡ್ಕದಲ್ಲಿ. ಪೆರ್ಲ ದಾಟಿ ಅಡ್ಕಸ್ಥಳ ಬರುವಷ್ಟರಲ್ಲಿ ಒಮ್ಮೆ ಹೋಯಿತು. ವಿಟ್ಲದಲ್ಲಿ ಚಾ ಕುಡಿದು ಹೊರಟ ಕೂಡಲೇ ಇನ್ನೊಮ್ಮೆ. ಎ.ಸಿ. ಹಾಕಿಕೊಂಡು ಜಂಕ್ಷನ್‌ನಲ್ಲಿ ನಿಂತಾಗಲೂ ಕೆಲವು ಸಲ ಹೋಗುತ್ತದೆ. ಬೆಳಿಗ್ಗೆ ಮನೆಯಿಂದ ಹೊರಡುವಾಗ ಮಾತ್ರ ಒಂದೇ ಸೆಲ್ಫಿಗೆ ಸ್ಟಾರ್ಟ್.

ಒಂದು ವರ್ಕ್‌ಶಾಪಿನಲ್ಲಿ ಪ್ಲಗ್, ಪೆಟ್ರೋಲ್ ಫಿಲ್ಟರ್, ಆಮೇಲೆ ಆಕ್ಸಿಜನ್ ಸೆನ್ಸರ್ ಬದಲಿಸಿದರು. 7,000 ರೂಪಾಯಿ ಹೋಯಿತು, ತೊಂದರೆ ಹೋಗಲಿಲ್ಲ. ಇನ್ನೊಬ್ಬರು ಬೋನೆಟ್ ತೆರೆದು ನೋಡಿ "ಸೆನ್ಸರ್ ಪೋಯಿ" ಎಂದರು. ಯಾವ ಸೆನ್ಸರ್ ಎಂದು ಕೇಳಿದರೆ "ಓರೋನ್ನಾಯಿ ಮಾಟ್ಟಿ ನೋಕ್ಕಾಂ" ಅಂತೆ. ಒಂದೊಂದೇ ಬದಲಿಸಿ ನೋಡೋಣ ಎಂದರೆ ಅವರಿಗೇನು? ರಿಟೈರ್ ಆದ ಮಾಷ್ಟ್ರು ನಾನು, ಬರುವುದು ಪೆನ್ಶನ್.

ಕುಂಬಳೆಯಿಂದ, ಆಟೋ ಇಲೆಕ್ಟ್ರಿಕಲ್ ಕೆಲಸದವರು

ಮಾಷ್ಟ್ರೇ, ನೀವು ಒಂದು ತೊಂದರೆ ಎಂದು ಬರೆದದ್ದರಲ್ಲಿ ಎರಡು ಇವೆ ಅಂತ ಕಾಣುತ್ತದೆ. ಓಡುತ್ತಾ ಇರುವಾಗ ಹೋಗುವುದು ಬೇರೆ, ನಿಂತಲ್ಲಿ ಎ.ಸಿ. ಭಾರಕ್ಕೆ ಕುಗ್ಗಿ ಹೋಗುವುದು ಬೇರೆ. ಎರಡನ್ನೂ ಒಟ್ಟು ಮಾಡಿ ಹೇಳಿದರೆ ಯಾವ ಮೆಕ್ಯಾನಿಕ್‌ಗೂ ತಲೆ ಕೆಡುತ್ತದೆ. ಮೊದಲು ಇದು ಹೇಳಿ. ದಾರಿಯಲ್ಲಿ ಆಫ್ ಆಗುವ ಮೊದಲು ಜಗ್ಗುತ್ತದಾ, ಅಥವಾ ಯಾರೋ ಕೀ ತಿರುಗಿಸಿದ ಹಾಗೆ ಒಮ್ಮೆಲೇ ಹೋಗುತ್ತದಾ? ಮತ್ತೆ ಎಷ್ಟು ಹೊತ್ತಿಗೆ ಸ್ಟಾರ್ಟ್ ಆಗುತ್ತದೆ?

ಬದಿಯಡ್ಕ

ಕೀ ತಿರುಗಿಸಿದ ಹಾಗೆಯೇ. ಜಗ್ಗುವುದಿಲ್ಲ. ಬೋನೆಟ್ ತೆರೆದಿಟ್ಟು ಇಪ್ಪತ್ತು, ಇಪ್ಪತ್ತೈದು ನಿಮಿಷ ಕಾದರೆ ಏನೂ ಆಗದವರ ಹಾಗೆ ಸ್ಟಾರ್ಟ್. ಜಂಕ್ಷನ್‌ನಲ್ಲಿ ಹೋದದ್ದು ಮಾತ್ರ ಆ ಕ್ಷಣವೇ ಸ್ಟಾರ್ಟ್ ಆಗುತ್ತದೆ. ನೀವು ಕೇಳಿದ ಮೇಲೆಯೇ ಈ ವ್ಯತ್ಯಾಸ ನನಗೆ ಹೊಳೆದದ್ದು.

ಕುಂಬಳೆ

ಹಾಗಾದರೆ ದಾರಿಯ ತೊಂದರೆಗೆ ನನ್ನ ಮೊದಲ ಅನುಮಾನ ಕ್ರ್ಯಾಂಕ್ ಸೆನ್ಸರ್ ಮೇಲೆ. ಇಂಜಿನ್ ತಿರುಗುತ್ತಾ ಇದೆ, ಪಿಸ್ಟನ್ ಇಂಥಲ್ಲಿದೆ ಎಂದು ಇಸಿಯುಗೆ, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರಿಗೆ, ಸುದ್ದಿ ಮುಟ್ಟಿಸುವುದು ಅದೇ. ಸುದ್ದಿ ನಿಂತರೆ ಇಂಜಿನ್ನೇ ನಿಂತಿದೆ ಎಂದು ತಿಳಿದು ಇಸಿಯು ಕಿಡಿಯನ್ನೂ ಪೆಟ್ರೋಲನ್ನೂ ನಿಲ್ಲಿಸಿಬಿಡುತ್ತದೆ. ಅದಕ್ಕೇ ಜಗ್ಗದೆ, ಕೆಮ್ಮದೆ ಹೋಗುವುದು.

ಈ ಸೆನ್ಸರ್ ಒಳಗೆ ಕೂದಲಿನಷ್ಟು ಸಪೂರ ತಾಮ್ರದ ತಂತಿಯ ಸುರುಳಿ ಇರುತ್ತದೆ. ವರ್ಷಗಟ್ಟಲೆ ಬಿಸಿಯಾಗಿ ತಣಿದು, ಬಿಸಿಯಾಗಿ ತಣಿದು ಎಲ್ಲೋ ಒಂದು ಕಡೆ ಬಿರುಕು ಬಿಡುತ್ತದೆ. ಬಿಸಿಗೆ ಬಿರುಕು ಬಾಯಿ ತೆರೆಯುತ್ತದೆ, ತಣಿದರೆ ಮತ್ತೆ ತಾಗಿಕೊಳ್ಳುತ್ತದೆ. ನಿಮ್ಮ ಇಪ್ಪತ್ತು ನಿಮಿಷದ ಲೆಕ್ಕ ಅದು. ವಿಟ್ಲದಲ್ಲಿ ಚಾ ಕುಡಿದು ಹೊರಟಾಗ ಹೋದದ್ದೂ ಸರಿಯಾಗಿ ಕೂಡುತ್ತದೆ. ಇಂಜಿನ್ ನಿಲ್ಲಿಸಿದ ಕೂಡಲೇ ತಣಿಯಲು ಶುರುವಾಗುತ್ತದೆ ಎಂದು ನಾವು ತಿಳಿಯುತ್ತೇವೆ. ಆದರೆ ನೀರು ಸುತ್ತುವುದು ನಿಂತಿರುತ್ತದೆ, ಎದುರಿನ ಗಾಳಿಯೂ ಇಲ್ಲ. ಬೋನೆಟ್ ಒಳಗೆ ಸ್ವಲ್ಪ ಹೊತ್ತು ಬಿಸಿ ಏರುತ್ತಲೇ ಇರುತ್ತದೆ.

ಸುಮ್ನೆ ಸೆನ್ಸರ್ ತರಬೇಡಿ. ಮುಂದಿನ ಸಲ ಆಫ್ ಆದಾಗ ಗಾಡಿಯನ್ನು ಬದಿಗೆ ತಂದು ಕೀ ಆನ್ ಮಾಡಿ, ಹಿಂದಿನ ಸೀಟಿನ ಕಡೆ ಕಿವಿ ಕೊಡಿ. ಪೆಟ್ರೋಲ್ ಪಂಪ್ ಎರಡು ಸೆಕೆಂಡು ಗುಂಯ್ ಎನ್ನಬೇಕು. ಸದ್ದೇ ಇಲ್ಲವಾದರೆ ಫ್ಯೂಸ್, ರಿಲೇ, ಪಂಪ್ ಕಡೆ ನೋಡಬೇಕು. ಸದ್ದು ಬಂತು, ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಆದರೂ ಕಿಡಿ ಇಲ್ಲ ಎಂದಾದರೆ ಕ್ರ್ಯಾಂಕ್ ಸೆನ್ಸರ್ ಕಡೆ. ಕಿಡಿ ನೋಡುವ ಕೆಲಸ ನೀವು ಮಾಡಬೇಡಿ, ಪ್ಲಗ್ಗಿಗೆ ಸರಿಯಾಗಿ ಅರ್ತ್ ಕೊಡದೆ ಸೆಲ್ಫ್ ಹೊಡೆದರೆ ಕಿಡಿ ಕೊಡುವ ಕಾಯಿಲ್ ಹೋಗುವುದುಂಟು. ಇಂಜಿನ್ ಎಷ್ಟು ಸುತ್ತು ತಿರುಗುತ್ತದೆ ಎಂದು ತೋರಿಸುವ ಆರ್‌ಪಿಎಂ ಮೀಟರ್ ಇದ್ದರೆ ಅದೇ ಸಾಕು. ಹೆಚ್ಚಿನ ಗಾಡಿಗಳಲ್ಲಿ ಸೆಲ್ಫ್ ಹೊಡೆಯುವಾಗ ಮುಳ್ಳು ಸ್ವಲ್ಪ ಏಳುತ್ತದೆ. ಸತ್ತಂತೆ ಬಿದ್ದಿದ್ದರೆ ಇಸಿಯುಗೆ ಸುದ್ದಿ ಹೋಗುತ್ತಿಲ್ಲ ಎಂದೇ ಲೆಕ್ಕ. ಸೆನ್ಸರ್ ಕೈಗೆ ಸಿಗುವ ಜಾಗದಲ್ಲಿದ್ದರೆ ಅದರ ಮೇಲೆ ಒದ್ದೆ ಬಟ್ಟೆ ಇಡಿ. ಇಪ್ಪತ್ತರ ಬದಲು ಐದೇ ನಿಮಿಷಕ್ಕೆ ಸ್ಟಾರ್ಟ್ ಆದರೆ ಕಳ್ಳ ಸಿಕ್ಕಿದ ಹಾಗೆ. ಬಿಸಿ ಇಂಜಿನ್ ಮೇಲೆ ಚೊಂಬಿನಲ್ಲಿ ನೀರು ಹೊಯ್ಯುವವರೂ ಇದ್ದಾರೆ. ಅದು ಬೇಡ.

ಆಕ್ಸಿಜನ್ ಸೆನ್ಸರ್ ಕೆಟ್ಟರೆ ಮೈಲೇಜ್ ಇಳಿಯುತ್ತದೆ, ಹೊಗೆ ವಾಸನೆ ಬರುತ್ತದೆ. ಅದರಿಂದ ಗಾಡಿ ಹೀಗೆ ಒಮ್ಮೆಲೇ ಆಫ್ ಆದದ್ದನ್ನು ನಾನು ಕಂಡಿಲ್ಲ.

ಮುಳ್ಳೇರಿಯದಿಂದ, ಕೃಷಿಕರು

ಸೆನ್ಸರಿಗಿಂತ ಮೊದಲು ವೈರ್ ನೋಡಿ ಮಾರಾಯ್ರೆ. ನನ್ನ ಗಾಡಿಯೂ ಹೀಗೇ ಆಫ್ ಆಗುತ್ತಿತ್ತು. ಕ್ರ್ಯಾಂಕ್ ಸೆನ್ಸರ್ ಎರಡು ಸಲ ಬದಲಿಸಿದೆ. ಮೊದಲನೆಯದು ಡೂಪ್ಲಿಕೇಟ್ ಎಂದು ಎರಡನೆಯದಕ್ಕೆ ಜಾಸ್ತಿ ದುಡ್ಡು ಕೊಟ್ಟೆ. ಕೊನೆಗೆ ನೋಡಿದರೆ ಹೆಗ್ಗಣ! ಗಾಡಿ ನಿಲ್ಲಿಸುವುದು ಅಡಕೆ ಗೋಣಿ ಇಡುವ ಕೊಟ್ಟಿಗೆಯಲ್ಲಿ. ಸೆನ್ಸರಿಗೆ ಹೋಗುವ ವೈರಿನ ಸಿಪ್ಪೆ ಕಚ್ಚಿ ತೆಗೆದಿತ್ತು, ಒಳಗೆ ಎರಡೋ ಮೂರೋ ಎಳೆ ಉಳಿದಿತ್ತು. ಒಳ್ಳೆ ರಸ್ತೆಯಲ್ಲಿ ಗಾಡಿ ಸರಿ, ಹೊಂಡ ಸಿಕ್ಕಿದರೆ ಆಫ್.

ನಾನು ಕಲಿತ ಉಪಾಯ ಒಂದಿದೆ. ಇಂಜಿನ್ ನ್ಯೂಟ್ರಲ್‌ನಲ್ಲಿ ಓಡುತ್ತಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ. ಬೆಲ್ಟು, ಫ್ಯಾನಿಗೆ ಕೈ ತಾಗದ ಹಾಗೆ ಒಂದೊಂದು ಕಪ್ಲರನ್ನೂ (ವೈರ್ ಜೋಡಿಸುವ ಪ್ಲಾಸ್ಟಿಕ್ ಕೊಂಡಿ) ವೈರನ್ನೂ ಮೆಲ್ಲಗೆ ಅಲ್ಲಾಡಿಸಿ. ಎಲ್ಲಿ ಅಲ್ಲಾಡಿಸಿದಾಗ ಇಂಜಿನ್ ಮುಗ್ಗರಿಸುತ್ತದೋ ಅಲ್ಲೇ ತೊಂದರೆ. ಕಪ್ಲರ್ ಬಿಚ್ಚಿ ಒಳಗೆ ಹಸಿರು ಕಿಲುಬು ಹಿಡಿದಿದೆಯಾ ನೋಡಿ. ನಮ್ಮ ಮಳೆಗಾಲಕ್ಕೆ ಹಿಡಿಯದಿದ್ದರೇ ಆಶ್ಚರ್ಯ. ಬ್ಯಾಟರಿಯ ನೆಗೆಟಿವ್ ವೈರ್ ಬಾಡಿಗೆ ಕೂರುವ ಬೋಲ್ಟನ್ನೂ ಉಜ್ಜಿ ಬಿಗಿ ಮಾಡಿ. ಅರ್ತ್ ಸರಿ ಇಲ್ಲದಿದ್ದರೆ ಎಲ್ಲ ಸೆನ್ಸರೂ ಸುಳ್ಳು ಹೇಳುತ್ತವೆ.

ಉಪ್ಪಳದಿಂದ, ದಿನಾ ಮಂಗಳೂರಿಗೆ ಹೋಗಿ ಬರುವವರು

ನಿಮ್ಮ ಎರಡನೇ ತೊಂದರೆ ನನ್ನ ಕಾರಿಗೂ ಇತ್ತು. ತಲಪಾಡಿ ಹತ್ತಿರ ಸಾಲಿನಲ್ಲಿ ನಿಂತರೆ ಸಾಕು, ಎ.ಸಿ. ಕಂಪ್ರೆಸರ್ ಟಕ್ ಎಂದ ಕೂಡಲೇ ಆರ್‌ಪಿಎಂ ಕುಸಿದು ಆಫ್. ಹಿಂದಿನ ಲಾರಿಯ ಹಾರ್ನ್ ಬೇರೆ. ಅದು ಸೆನ್ಸರ್ ಅಲ್ಲ, ಐಡ್ಲಿಂಗ್ ವಾಲ್ವ್. ಆಕ್ಸಿಲರೇಟರ್ ಬಿಟ್ಟಾಗ ಇಂಜಿನ್ನಿಗೆ ಬೇಕಾದ ಸ್ವಲ್ಪ ಗಾಳಿಯನ್ನು ಬಿಡುವುದು ಅದು. ಎ.ಸಿ. ಭಾರ ಬಿದ್ದಾಗ ಇನ್ನಷ್ಟು ತೆರೆದುಕೊಳ್ಳಬೇಕು. ಕಾರ್ಬನ್ ಕಟ್ಟಿದರೆ ತೆರೆದುಕೊಳ್ಳುವುದಿಲ್ಲ. ಇಂಜಿನ್ನಿಗೆ ಗಾಳಿ ಹೋಗುವ ಬಾಗಿಲಾದ ತ್ರಾಟಲ್ ಬಾಡಿ ಬಿಚ್ಚಿ ಕ್ಲೀನರ್ ಸ್ಪ್ರೇ ಹಾಕಿ ಉಜ್ಜಿದಾಗ ಬಟ್ಟೆಯೆಲ್ಲ ಕಾಡಿಗೆಯ ಹಾಗೆ ಕಪ್ಪು. ಅಷ್ಟಕ್ಕೇ ಸರಿಯಾಯಿತು. ಅಲ್ಲಿಗೆ ಬರುವ ಗಾಳಿ ಪೈಪುಗಳನ್ನೂ ನೋಡಿಸಿ, ಹಳೆ ರಬ್ಬರ್ ಬಿರುಕು ಬಿಟ್ಟಿರುತ್ತದೆ.

ಇನ್ನೊಂದು ಮಾತು, ಇದನ್ನು ಯಾರೂ ಹೇಳಲಿಲ್ಲ. ಓಡುವಾಗ ಆಫ್ ಆದರೆ ಬ್ರೇಕ್ ಒಂದೆರಡು ಸಲ ಮಾತ್ರ ಹಗುರವಾಗಿ ಸಿಗುತ್ತದೆ, ಆಮೇಲೆ ಕಲ್ಲಿನ ಹಾಗೆ ಗಟ್ಟಿ. ಪವರ್ ಸ್ಟೀರಿಂಗ್ ಕೂಡ ಭಾರವಾಗುತ್ತದೆ. ಹಾಗಾಗಿ ಬ್ರೇಕ್ ಪೆಡಲನ್ನು ಪದೇ ಪದೇ ತುಳಿಯಬಾರದು, ಒಂದೇ ಒತ್ತು ಒತ್ತಿ ಹಿಡಿಯಬೇಕು. ಗಾಡಿ ನಿಲ್ಲುವ ಮೊದಲು ಕೀ ತೆಗೆಯಬೇಡಿ, ಸ್ಟೀರಿಂಗ್ ಲಾಕ್ ಆಗಿಬಿಡುತ್ತದೆ. ಆರು ಲೇನಿನ ಹೈವೇಯಲ್ಲಿ ನನಗೊಮ್ಮೆ ಹಾಗಾದಾಗ ಹಜಾರ್ಡ್ ಲೈಟ್ ಹಾಕಲೂ ಕೈ ಬರಲಿಲ್ಲ. ದುರಸ್ತಿ ಆಗುವವರೆಗೆ ಮಗಳ ಮನೆಗೆ ಬಸ್ಸಿನಲ್ಲೇ ಹೋಗಿ ಮಾಷ್ಟ್ರೇ.

ಪೆರ್ಲದಿಂದ

ಪಂಪನ್ನೂ ಮರೆಯಬೇಡಿ. ನನ್ನದರಲ್ಲಿ ಬಿಸಿಯಾದ ಮೇಲೆ ಪಂಪ್ ಸುಸ್ತಾಗುತ್ತಿತ್ತು. ಆದರೆ ಅದು ಹೋಗುವ ಮೊದಲು ಏರಿನಲ್ಲಿ ಚೆನ್ನಾಗಿ ಜಗ್ಗುತ್ತಿತ್ತು. ನಿಮ್ಮದು ಜಗ್ಗುವುದಿಲ್ಲ ಎಂದರೆ ಅದಲ್ಲವೇನೋ.

ಬದಿಯಡ್ಕ

ಅಳಿಯ ಗಾಡಿಯ ಕಂಪ್ಯೂಟರ್ ಓದುವ ಒಂದು ಬ್ಲೂಟೂತ್ ಸ್ಕ್ಯಾನರ್ ತರಿಸಿದ್ದಾನೆ. ಸ್ಟೀರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇದೆ, ಚುಚ್ಚಿದರೆ ಫೋನಿನಲ್ಲಿ ಏನೂ ಬರುವುದಿಲ್ಲ. ಸ್ಕ್ಯಾನರ್ರೇ ಹಾಳಾ?

ಕುಂಬಳೆ

ಹಾಳಾಗಿರಬೇಕೆಂದಿಲ್ಲ. ನಮ್ಮ ದೇಶದಲ್ಲಿ ಕಾರುಗಳಿಗೆ ಓಬಿಡಿ, ಅಂದರೆ ಗಾಡಿ ತನ್ನ ತೊಂದರೆಯನ್ನು ತಾನೇ ಗುರುತಿಸಿ ಹೇಳುವ ವ್ಯವಸ್ಥೆ, ಕಡ್ಡಾಯವಾಗಲು ಶುರುವಾದದ್ದು 2010ರ ಏಪ್ರಿಲ್‌ನಿಂದ, ಭಾರತ್ ಸ್ಟೇಜ್ 4 ಎಂಬ ಹೊಗೆ ನಿಯಮದ ಗಾಡಿಗಳಿಗೆ. ಓಬಿಡಿ 2 ಬಂದದ್ದು 2013ರಲ್ಲಿ. ನಿಮ್ಮದು 2007. ಸಾಕೆಟ್ ಒಂದೇ ಥರ ಕಂಡರೂ ಒಳಗಿನ ಭಾಷೆ ಕಂಪನಿಯದ್ದೇ ಆಗಿರಬಹುದು. ಆ ಕಂಪನಿಯ ಹಳೆ ಗಾಡಿ ಓದುವ ಸ್ಕ್ಯಾನರ್ ಇರುವಲ್ಲಿ ಹಾಕಿಸಿ.

ಹಾಕಿಸಿದಾಗ ತೊಂದರೆಯ ಕೋಡ್ ಮಾತ್ರ ಬರೆದುಕೊಂಡು ಬರಬೇಡಿ. ಪಿ 0335 ಎಂದು ಬಂದರೆ ಕ್ರ್ಯಾಂಕ್ ಸೆನ್ಸರಿನ ಸರ್ಕ್ಯೂಟ್ ಎಂದರ್ಥ. ಸೆನ್ಸರ್ ಇರಬಹುದು, ಮುಳ್ಳೇರಿಯದವರ ಹೆಗ್ಗಣವೂ ಇರಬಹುದು. ಓಡುತ್ತಿರುವ ಅಂಕಿಗಳನ್ನು ತೋರಿಸಲು ಹೇಳಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಸ್ಟಾರ್ಟ್ ಮಾಡುವ ಮೊದಲು ನೀರಿನ ಟೆಂಪರೇಚರ್, ಒಳಗೆ ಹೋಗುವ ಗಾಳಿಯ ಟೆಂಪರೇಚರ್ ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ನಮ್ಮೂರಲ್ಲಿ ನೀರು ಮೈನಸ್ 40 ಎಂದು ತೋರಿಸಿದರೆ ಆ ಸೆನ್ಸರಿನ ವೈರ್ ಕಡಿದಿದೆ ಎಂದೇ ತಿಳಿಯಿರಿ. ಇಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಇಂಜಿನ್ ಆಫ್ ಇದ್ದಾಗ, ಸಮುದ್ರದ ಬದಿಯ ನಮ್ಮಲ್ಲಿ, 100 ಕಿಲೋಪಾಸ್ಕಲ್ ಹತ್ತಿರ ತೋರಿಸಬೇಕು. ಬಿಸಿ ಇಂಜಿನ್ ಐಡ್ಲಿಂಗ್‌ನಲ್ಲಿದ್ದರೆ 30ರಿಂದ 40ರ ಆಸುಪಾಸು. ತ್ರಾಟಲ್ ಸೆನ್ಸರ್ ಪೆಡಲ್ ಮೆಲ್ಲ ಒತ್ತಿದ ಹಾಗೆ ಅರ್ಧ ವೋಲ್ಟಿನಿಂದ ನಾಲ್ಕರ ಮೇಲಕ್ಕೆ ಸಲೀಸಾಗಿ ಏರಬೇಕು, ನಡುವೆ ಹಾರಬಾರದು.

ಕ್ರ್ಯಾಂಕ್ ಸೆನ್ಸರ್ ಎರಡು ವೈರಿನದ್ದಾದರೆ ಬಿಚ್ಚಿ ಮಲ್ಟಿಮೀಟರ್‌ನಲ್ಲಿ ಓಮ್ ನೋಡಿ, ಹೇರ್ ಡ್ರೈಯರ್‌ನಲ್ಲಿ ಬಿಸಿ ಮಾಡಿ ಮತ್ತೆ ನೋಡಿ. ಮೂರು ವೈರಿನದ್ದಾದರೆ ಅದು ಹೆಚ್ಚಾಗಿ ಹಾಲ್ ಸೆನ್ಸರ್, ಒಳಗೆ ಸುರುಳಿಯ ಬದಲು ಇಲೆಕ್ಟ್ರಾನಿಕ್ ಚಿಪ್ ಇರುವುದು, ಓಮ್ ನೋಡಿ ಉಪಯೋಗವಿಲ್ಲ.

ಬದಿಯಡ್ಕ, ಒಂದು ತಿಂಗಳ ಮೇಲೆ

ಬರೆಯಲು ತಡವಾಯಿತು. ಮಾತು ಕೇಳಿ ಬಸ್ಸಿನಲ್ಲೇ ಓಡಾಡಿದೆ, ಗಾಡಿಯನ್ನು ಪೇಟೆಯೊಳಗೆ ಮಾತ್ರ ತೆಗೆದೆ. ಒಂದು ಮಧ್ಯಾಹ್ನ ಮನೆಯ ಗೇಟಿನಲ್ಲೇ ಆಫ್ ಆಯಿತು, ಇಷ್ಟು ಖುಷಿ ಎಂದೂ ಆಗಿರಲಿಲ್ಲ. ಕೀ ಆನ್ ಮಾಡಿದೆ, ಪಂಪ್ ಗುಂಯ್ ಎಂದಿತು. ಸೆಲ್ಫ್ ಹೊಡೆದರೆ ಮುಳ್ಳು ಅಲ್ಲಾಡಲಿಲ್ಲ. ಒದ್ದೆ ಬೈರಾಸು ಇಟ್ಟೆ, ಆರು ನಿಮಿಷಕ್ಕೆ ಸ್ಟಾರ್ಟ್.

ಮೆಕ್ಯಾನಿಕ್ ಹತ್ತಿರ ಸೆನ್ಸರ್ ಬಿಚ್ಚಿಸಿ ಮನೆಗೇ ತಂದೆ. ಎರಡು ವೈರಿನದ್ದು. ತಣ್ಣಗಿದ್ದಾಗ 870 ಓಮ್. ಹೆಂಡತಿಯ ಹೇರ್ ಡ್ರೈಯರ್ ಹಿಡಿದರೆ ಮೆಲ್ಲ ಮೆಲ್ಲ ಏರಿತು, ತಾಮ್ರ ಬಿಸಿಯಾದರೆ ಏರಲೇಬೇಕಲ್ವಾ, 1,000 ದಾಟಿತು. ನಾಲ್ಕನೇ ನಿಮಿಷಕ್ಕೆ ಅಂಕಿಯೇ ಮಾಯ. ಫ್ಯಾನಿನ ಕೆಳಗೆ ಇಟ್ಟರೆ ಮತ್ತೆ ಬಂತು. ಮೂರು ಸಲ ಮಾಡಿ ನೋಡಿದೆ, ಮೂರು ಸಲವೂ ಹಾಗೆಯೇ. ಹೆಂಡತಿ ಬೈದ ಮೇಲೆ ನಿಲ್ಲಿಸಿದೆ.

ಹೊಸ ಸೆನ್ಸರಿಗೆ 1,650, ಕೂಲಿ 300. ಹೆಗ್ಗಣ ಕಚ್ಚಿದ ಗುರುತು ಇರಲಿಲ್ಲ, ಆದರೆ ಕಪ್ಲರಿನಲ್ಲಿ ಕಿಲುಬು ಇತ್ತು, ಒರೆಸಿದರು. ತ್ರಾಟಲ್ ಬಾಡಿಯನ್ನೂ ಅವತ್ತೇ ತೊಳೆಸಿದೆ. ಆಮೇಲೆ ಕಲ್ಲಡ್ಕಕ್ಕೆ ನಾಲ್ಕು ಸಲ ಹೋಗಿ ಬಂದೆ, ವಿಟ್ಲದಲ್ಲಿ ಬೇಕೆಂದೇ ನಿಲ್ಲಿಸಿ ಚಾ ಕುಡಿದೆ. ಆಫ್ ಆಗಲಿಲ್ಲ. ಎ.ಸಿ. ಹಾಕಿದಾಗ ಆರ್‌ಪಿಎಂ ಈಗಲೂ ಸ್ವಲ್ಪ ಕುಗ್ಗಿ ಮತ್ತೆ ಏಳುತ್ತದೆ. ಉಪ್ಪಳದ ಅಕ್ಕ, ನಿಮ್ಮದರಲ್ಲೂ ಅಷ್ಟು ಇತ್ತಾ, ಅಥವಾ ಆ ಗಾಳಿ ಪೈಪ್ ಇನ್ನೊಮ್ಮೆ ನೋಡಿಸಬೇಕಾ?